ಕ್ರಾಸಿನ್ಯಾಗ ಇಳಿದ ಗೂಗಿ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಜಾಗ ಕುಳಗೇರಿ ಕ್ರಾಸ್. ಬೆಳಗಿನ ಏಳು ಗಂಟೆ. ರಸ್ತೆ ಬದಿಯ ಪಂಕ್ಚರ್ ಅಂಗಡಿ. ಮಾತಾಡುವವರು ಇಬ್ಬರು: ಅಂಗಡಿಯ ಯಜಮಾನ, ಮತ್ತು ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು ಈಗಷ್ಟೇ ಇಳಿದ ಅವನ ಅಣ್ಣನ ಮಗಳು. ನಡುವೆ ಬೆಂಚಿನ ಮೇಲೆ, ಆಯಿಲ್ ಕ್ಯಾನು ತುಂಬಿ ಬಂದಿದ್ದ ಒಂದು ರಟ್ಟಿನ ಡಬ್ಬಿ.

ಮಗಳು: ಚಾ ಆಮ್ಯಾಲೆ ಕುಡೀತೀನಿ ಕಾಕಾ. ಮೊದಲ ಈ ಡಬ್ಬ್ಯಾಗ ಏನೈತಿ ಹೇಳ್ರಿ. ಒಳಗಿಂದ ಗಾಳಿ ಬಿಟ್ಟಂಗ ಸಪ್ಪಳ ಬರಾಕತ್ತೈತಿ.

ಕಾಕಾ: ನಾನೂ ಹಂಗ ತಿಳಿದಿದ್ನಿ. ರಾತ್ರಿ ಹನ್ನೊಂದರ ಸುಮಾರಿಗೆ ಅಂಗಡಿ ಬಾಗಲಾ ಹಾಕಾಕತ್ತಿದ್ನಿ. ‘ಸುಸ್ಸ್’ ಅಂತ ಸಪ್ಪಳಾತು. ಯಾವ ಗಾಡಿದೋ ವಾಲ್ವ್ ಸೋರಾಕತ್ತೈತಿ ಅಂತ ಬ್ಯಾಟ್ರಿ ಹಿಡಕೊಂಡು ಹೋದ್ರ, ಟೈರೂ ಇಲ್ಲ, ಗಾಡೀನೂ ಇಲ್ಲ. ರೋಡಿನ ದಂಡಿಗೆ ಒಂದು ಗೂಗಿ, ಬಲಗಡೆ ರೆಕ್ಕಿ ನೆಲಕ್ಕ ಹಾಸಿಕೊಂಡು ಕುಂತೈತಿ. ಮಾರಿ ನೋಡಿದ್ರ ವೀಳ್ಯದೆಲಿ ಕತ್ತರಿಸಿ ಹಚ್ಚಿದಂಗ, ಬೆಳ್ಳಗ. ಅದರಾಗ ಎರಡು ಕರೀ ಕಣ್ಣು.

ಮಗಳು: ಕಣಜದ ಗೂಬೆ. ಹೆದರಿದ್ರ ಅದು ಹಂಗ ಬುಸುಗುಡ್ತೈತಿ. ಹೆಂಗ ಹಿಡಿದ್ರಿ?

ಕಾಕಾ: ಹೆಗಲ ಮ್ಯಾಲಿನ ಟವಲ್ ಒಗದ್ನಿ. ಮಾರಿ ಮುಚ್ಚೂದ ತಡ, ಸುಮ್ಮನಾತು. ಆದ್ರ ಉಗುರು ಸುಮ್ಮನಾಗಲಿಲ್ಲ. ನೋಡಿಲ್ಲೆ, ಟವಲ್ ದಾಟಿ ಹೆಬ್ಬೆರಳಿನ್ಯಾಗ ಇಳದೈತಿ. ಬಿಡಿಸಿಕೊಳ್ಳಾಕ ಸಾಕುಸಾಕಾತು. ಡಬ್ಬಿಗೆ ದಬ್ಬಣದಲೆ ಮೊದಲ ತೂತು ಹೊಡದಿದ್ನಿ. ಒಳಗ ಇಟ್ಟು, ಮ್ಯಾಲೆ ಗೋಣಿಚೀಲ ಮುಚ್ಚಿದ್ನಿ.

ಮಗಳು: ಇದೆಲ್ಲಾ ನಿಮಗ ಯಾರು ಹೇಳಿಕೊಟ್ರು? ಬೆಂಗಳೂರಾಗ ಗಾಯಾದ ಹಕ್ಕಿ ಉಳಿಸಾಕ ನಮಗ ಎರಡು ದಿನ ತರಬೇತಿ ಕೊಟ್ಟು ಹೇಳಿದ್ದೂ ಇಷ್ಟ. ಕತ್ತಲಿ, ಸಪ್ಪಳಿಲ್ಲದ ಜಾಗ, ತೂತಿನ ಡಬ್ಬಿ.

ಕಾಕಾ: ಯಾರು ಹೇಳಬೇಕವಾ? ನಿಮ್ಮ ಅಮ್ಮ ಕೋಳಿ ಸಾಕಿದ್ದು ನೋಡೀನಿ. ಗದ್ದಲ ಮಾಡೂ ಕೋಳಿ ಮ್ಯಾಲೆ ಬುಟ್ಟಿ ಡಬ್ಬ ಹಾಕಿದ್ರ ಮುಗೀತು. ಕಣ್ಣಿಗೆ ಕಾಣದ್ದು ಎದಿಗೆ ಬಡಿಯೂದಿಲ್ಲ.

ಮಗಳು: ನೀರು ಕುಡಿಸಿದ್ರೇನು?

ಕಾಕಾ: ಚಾದಂಗಡಿಯಾಂವ ಚಮಚಾದಾಗ ಹಾಲು ತಂದಿದ್ದ. ಪಾಪ, ಅವನ ಪ್ರೀತಿ. ಒಂದು ಭಜಿನೂ ತಂದಿದ್ದ. ಇದು ಬಾಯಿ ತೆಗೀಲಿಲ್ಲ. ಕೊಕ್ಕು ಕಟಕಟ ಕಡೀತು, ಅಷ್ಟ.

ಮಗಳು: ದೇವರು ದೊಡ್ಡಾಂವ. ಹಕ್ಕಿ ನಾಲಿಗಿ ಬುಡದಾಗ ಉಸಿರಿನ ಕೊಳವಿ ಬಾಯಿ ತಕ್ಕೊಂಡಿರ್ತೈತಿ. ಮ್ಯಾಲಿಂದ ನೀರು ಹೊಯ್ದ್ರ ಹೊಟ್ಟಿಗೆ ಹೋಗೂದು ಬಿಟ್ಟು ನೇರ ಪುಪ್ಪುಸಕ್ಕ ಇಳೀತೈತಿ. ಅದು ಗೂಬೆ ಅಲ್ಲದ ಗುಬ್ಬಿ ಇದ್ರೂ ಅಷ್ಟ. ಹಾಲು ಅಂತೂ ಹಕ್ಕಿಗಳ ಊಟನ ಅಲ್ಲ. ನಾನು ಇದನ್ನ ಕಲಿತಿದ್ದು ಒಂದು ಜೀವ ಕಳಕೊಂಡು. ಈ ಕೆಲಸಕ್ಕ ಇಳಿದ ಮೊದಲನೇ ವರ್ಷ. ನಮ್ಮ ಓಣಿ ಗುಲ್‌ಮೊಹರ್ ಗಿಡದಾಗ ಮಾಂಜಾ ದಾರಕ್ಕ ಒಂದು ಹದ್ದು ಜೋತು ಬಿದ್ದಿತ್ತು. ಇಳಿಸಿದ್ವಿ. ಬಿಸಿಲಾಗ ಬಾಯಿ ಒಣಗೈತಿ ಅಂತ ಬಾಟ್ಲಿ ಮುಚ್ಚಳದಾಗ ನೀರು ಹಾಕಿದೆ. ಕೆಮ್ಮಿದಂಗ ಮಾಡ್ತು. ಕೈಯಾಗ ಹೋತು. ದಾರದಿಂದ ಸತ್ತಿದ್ದಲ್ಲ ಕಾಕಾ, ನನ್ನ ಕೈಯಿಂದ ಸತ್ತಿದ್ದು.

ಕಾಕಾ: ಹ್ಞೂಂ... ಬಾಯಾರಿದವರಿಗೆ ನೀರು ಕೊಟ್ರ ಪುಣ್ಯ ಅಂತಾರ. ಅದೂ ಎಲ್ಲಾರಿಗೂ ಅಲ್ಲ ಅಂದಂಗಾತು. ಮತ್ತ ಅರಿಶಿಣ, ಕೊಬ್ಬರಿ ಎಣ್ಣಿ? ಗಾಯಕ್ಕ ಹಚ್ಚಬೇಕಂತ ಎತ್ತಿ ಇಟ್ಟೀನಿ.

ಮಗಳು: ಎಣ್ಣಿ ಬ್ಯಾಡ. ಗೂಬೆ ರೆಕ್ಕಿ ಅಂಚು ನೋಡೀರೇನು? ಸಣ್ಣ ಬಾಚಣಿಗಿ ಹಲ್ಲಿನಂಗ ಎಳಿ ಇರ್ತಾವ. ಅದಕ್ಕ ಹಾರಿದ್ರ ಸಪ್ಪಳ ಬರೂದಿಲ್ಲ. ಇಲಿಗೆ ಗೊತ್ತಾಗೂದ್ರಾಗ ಉಗುರು ಬಿದ್ದಿರ್ತೈತಿ. ಎಣ್ಣಿ ಜಿಡ್ಡು ಹತ್ತಿದ್ರ ಎಲುಬು ಕೂಡಿದ್ರೂ ಬೇಟೆ ಕೆಟ್ಟಂಗ.

ಕಾಕಾ: ಅಷ್ಟು ನಾಜೂಕಾದ ಪ್ರಾಣಿ ಲಾರಿಗೆ ಹೆಂಗ ಸಿಗ್ತೈತಿ?

ಮಗಳು: ಅದನ್ನ ನೀವ ಹೇಳಬೇಕು. ಇಪ್ಪತ್ತು ವರ್ಷ ಈ ರೋಡ್ ನೋಡೀರಿ.

ಕಾಕಾ: ನೋಡೀನಿ, ಆದ್ರ ಇವತ್ತಿನ ತನಕ ಕೂಡಿಸಿ ನೋಡಿರಲಿಲ್ಲ. ಈ ತಿರುವಿನ್ಯಾಗ ಗೋವಿನಜೋಳದ ಟ್ರ್ಯಾಕ್ಟರ್ ಬಾದಾಮಿ ಕಡೆಯಿಂದ ಬಂದು ಹೈವೇಕ್ಕ ಹೊಳ್ಳತಾವ. ಹೊಳ್ಳೂವಾಗ ಜೋಲಿ ಹೊಡದು ಒಂದು ಬೊಗಸಿ ಕಾಳು ಚೆಲ್ಲತಾವ. ಹಗಲಾಗ ಬೆಳವನ ಹಕ್ಕಿ ಆರಿಸಾಕ ಇಳೀತಾವ, ಗಾಡಿಗೆ ಸಿಗ್ತಾವ. ಉಳಿದ ಕಾಳಿಗೆ ರಾತ್ರಿ ಇಲಿ. ಇಲಿ ಹಿಂದ ಈ ಗೂಗಿ. ಅದು ಕೆಳಗ ಕೆಳಗ ಹಾರ್ತೈತಿ, ಲಾರಿ ಬಾನೆಟ್ಟಿನ ಎತ್ತರಕ್ಕ. ಹೆಡ್‌ಲೈಟ್ ಕಣ್ಣಿಗೆ ಬಿದ್ರ ದಿಕ್ಕು ತಪ್ಪತೈತಿ. ಚೆಲ್ಲಿದ ಬೊಗಸಿ ಕಾಳಿನ ಸಾಲ ಇದು ತೀರಿಸಾಕತ್ತೈತಿ ನೋಡು.

ಮಗಳು: ಹಂಗಾದ್ರ ಔಷಧದ ಮೊದಲು ಕಸಬರಿಗಿ ಬೇಕು.

ಕಾಕಾ: ಕಸಬರಿಗಿ ಹಿಡೀತೀನಿ ಬಿಡು. ಅಂಗಡಿ ಮುಂದಿನ ಕಾಳು ಗುಡಿಸಿ ಹಿಂದ ಹಿತ್ತಲಕ್ಕ ಒಗದ್ರ ಬೆಳವನೂ ಉಳೀತಾವ. ಅದಿರಲಿ, ರಾತ್ರಿ ಇನ್ನೊಂದು ಆತು. ಕಾರಿನ್ಯಾಗ ಹೊಂಟಿದ್ದ ಒಬ್ಬಾಂವ ಗಾಳಿ ಹಾಕಿಸಾಕ ನಿಂತ. ಡಬ್ಬಿ ನೋಡಿದ. ‘ಏನೈತಿ’ ಅಂದ. ಬಾಯಿ ತಪ್ಪಿ ಹೇಳಿಬಿಟ್ನಿ. ‘ಎಷ್ಟಕ್ಕ ಕೊಡ್ತಿ?’ ಅಂದ. ನಗಚಾಟಿಕಿ ಮಾಡ್ತಾನ ಅಂದ್ಕೊಂಡ್ನಿ. ಕಿಸೇದಾಗ ಕೈ ಹಾಕಿದ. ಅಮಾಸಿ ಹತ್ರ ಬಂದೈತಿ, ಬೇಕಾದವರು ಅದಾರ ಅಂದ.

ಮಗಳು: ನೀವೇನಂದ್ರಿ?

ಕಾಕಾ: ‘ಗಾಳಿ ಹಾಕಿದ್ದಕ್ಕ ಹತ್ತು ರೂಪಾಯಿ ಕೊಡು, ಮುಂದಕ ನಡಿ’ ಅಂದ್ನಿ. ಆದ್ರ ಆಮ್ಯಾಲೆ ನಿದ್ದಿ ಹತ್ತಲಿಲ್ಲ. ಡಬ್ಬಿ ತಲಿದೆಸಿಗೆ ಇಟ್ಕೊಂಡು ಮಲಗಿದ್ನಿ. ನಮ್ಮ ಮಂದಿ ಎಂಥಾವರು ನೋಡು. ಹಾಲಕ್ಕಿ ನುಡಿದ್ರ ಶುಭ ಅಂತಾರ. ಬುಡಬುಡಕ್ಯಾಂವ ನಸುಕಿನ್ಯಾಗ ಬಂದು ‘ಹಾಲಕ್ಕಿ ನುಡದೈತಿ’ ಅಂದ್ರ ಒಂದು ಸೇರು ಜೋಳ ಹಾಕ್ತಾರ. ಹಾಲಕ್ಕಿ ಅಂದ್ರೂ ಸಣ್ಣ ಗೂಗಿನ. ಅದರ ದೊಡ್ಡ ಅಣ್ಣ ಮಾಳಿಗಿ ಮ್ಯಾಲೆ ಕುಂತ್ರ ಮನಿ ಹಾಳು ಅಂತ ಕಲ್ಲು ಒಗೀತಾರ. ಮಾಟಕ್ಕ ಬೇಕಾದ್ರ ಮತ್ತ ಅದಕ್ಕ ರೊಕ್ಕ ಎಣಿಸ್ತಾರ. ಹೊಲದಾಗ ರಾತ್ರಿಗೆ ಎರಡು ಮೂರು ಇಲಿ ಹಿಡದು ಜೋಳ ಕಾಯ್ದದ್ದಕ್ಕ ಮಾತ್ರ ಯಾರೂ ಒಂದು ಕಾಳು ಕೊಡಲಿಲ್ಲ.

ಮಗಳು: ಈಗ ಇಲಾಖೆಗೆ ಫೋನ್ ಮಾಡ್ತೀನಿ. 1926, ಅರಣ್ಯ ಇಲಾಖೆ ಸಹಾಯವಾಣಿ.

ಕಾಕಾ: ತಡಿ ತಡಿ. ಅವರಿಗೆ ಹೇಳಿದ್ರ ‘ನೀ ಯಾಕ ಹಿಡಿದಿ’ ಅಂತ ನನ್ನ ಮ್ಯಾಲೆ ಕೇಸ್ ಹಾಕಿದ್ರ? ನಮ್ಮ ಕಡೆ ಎಲ್ಲಾರಿಗೂ ಅದ ಹೆದರಿಕಿ. ನವಲ ಕರೆಂಟ್ ಹೊಡಿಸಿಕೊಂಡು ಬಿದ್ದಿರ್ತೈತಿ, ಜೀವ ಇರ್ತೈತಿ, ಮಂದಿ ದೂರ ನಿಂತು ನೋಡ್ತಾರ. ‘ಮುಟ್ಟಬ್ಯಾಡ, ರಾಷ್ಟ್ರಪಕ್ಷಿ, ಜೇಲು’ ಅಂತಾರ.

ಮಗಳು: ಕಾಯ್ದೆದಾಗ ಏನೈತಿ ಕೇಳ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 39ನೇ ಕಲಂ. ಕಾಡುಪ್ರಾಣಿ ಸರ್ಕಾರದ ಆಸ್ತಿ. ನಿಮ್ಮ ಕೈಗೆ ಹೆಂಗರ ಬಂತಪಾ ಅಂದ್ರ 48 ತಾಸಿನೊಳಗ ಹತ್ರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕೇಳಿದ್ರ ಒಪ್ಪಿಸಬೇಕು. ಬಚ್ಚಿಟ್ರ, ಸಾಕಿದ್ರ, ಮಾರಿದ್ರ ತಪ್ಪು. ಹಾದ್ಯಾಗ ಬಿದ್ದದ್ದನ್ನ ಎತ್ತಿ ಡಬ್ಬ್ಯಾಗ ಇಟ್ಟು ಹೇಳಿ ಕಳಿಸಿದ್ರ ಅದು ವರದಿ.

ಕಾಕಾ: 48 ತಾಸು. ಅಂದ್ರ ಎರಡು ದಿನದ ಟಿಕೀಟ್. ಆತು, ಹಚ್ಚು ಫೋನ್.

ಅವಳು ಎದ್ದು ಬೇವಿನ ಗಿಡದ ಕೆಳಗೆ ಹೋಗಿ ಮಾತಾಡಿ ಬಂದಳು. ಬಾದಾಮಿ ವಲಯದಿಂದ ಜೀಪು ಬರುತ್ತದೆ, ಒಂದೆರಡು ತಾಸು ಆಗಬಹುದು ಎಂಬ ಉತ್ತರ. ಅಷ್ಟರಲ್ಲಿ ಚಾ ಬಂತು. ಕಾಕಾ ಡಬ್ಬಿಯನ್ನು ಬಿಸಿಲು ಬೀಳದ ಮೂಲೆಗೆ ಸರಿಸಿದ.

ಕಾಕಾ: ನಿಮ್ಮ ಬೆಂಗಳೂರಾಗ ಆಗಿದ್ರ?

ಮಗಳು: ಕೆಂಗೇರಿ ಹತ್ರ ಪೀಪಲ್ ಫಾರ್ ಅನಿಮಲ್ಸ್ ಅಂತ ವನ್ಯಜೀವಿಗಳ ಆಸ್ಪತ್ರೆ ಐತಿ. 1996ರಾಗ ಶುರುವಾದ ಸಂಸ್ಥೆ. ಫೋನ್ ಹಚ್ಚಬಹುದು, ಇಲ್ಲಾ ಡಬ್ಬಿ ಆಟೋದಾಗ ಇಟ್ಕೊಂಡು ಹೋಗಬಹುದು. ಹದ್ದು, ಇಣಚಿ, ಬಾವಲಿ, ಹಾಂವು, ಮಂಗ್ಯಾ. ನಗರ ಅಂದ್ರ ಬರೇ ಮಂದಿ ಊರಲ್ಲ ಅಂತ ಅಲ್ಲಿ ಹೋದ ಮ್ಯಾಲೆ ನನಗ ಗೊತ್ತಾತು. ಕಿಟಕಿ ಗಾಜಿಗೆ ಬಡಕೊಂಡಿದ್ದು, ತಂತಿಗೆ ಸುಟ್ಟಿದ್ದು, ಮಾಂಜಾ ದಾರಕ್ಕ ರೆಕ್ಕಿ ಕೊಯ್ಕೊಂಡಿದ್ದು. ನೈಲಾನ್ ಮಾಂಜಾ 2017ರಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶದಾಗ ನಿಷೇಧ ಮಾಡೈತಿ. ಗಿಡದ ಟೊಂಗಿಗೆ ಸಿಕ್ಕ ದಾರಕ್ಕ ಮಾತ್ರ ಅದು ಗೊತ್ತಿಲ್ಲ, ಕೊಳಿಯೂದೂ ಇಲ್ಲ.

ಕಾಕಾ: ಅದ ನಾ ಹೇಳೂದು. ನಿಮಗ ಆಸ್ಪತ್ರೆ ಐತಿ, ಆಟೋ ಐತಿ. ನಮಗೇನೈತಿ? ಬಸ್ ಬದಲಿ ಮಾಡೂ ಜಾಗ ಇದು. ಇಲ್ಲೆ ಮನಷಾನ ಎರಡು ತಾಸು ನಿಲ್ಲೂದಿಲ್ಲ. ಹುಬ್ಬಳ್ಳಿ ಬಸ್ ಇಳಿದು ಬಾದಾಮಿ ಬಸ್ ಹತ್ತತಾನ. ಇನ್ನ ಗೂಗಿಗೆ ಯಾರು ನಿಲ್ಲತಾರ?

ಮಗಳು: ದಿಲ್ಲಿಯೊಳಗ ಅಣ್ಣ ತಮ್ಮ ಇಬ್ಬರು ಅದಾರ. ಸಣ್ಣವರಿದ್ದಾಗ ಗಾಯ ಆದ ಒಂದು ಹದ್ದನ್ನ ಹಕ್ಕಿ ಆಸ್ಪತ್ರೆಗೆ ಒಯ್ದ್ರ, ಮಾಂಸ ತಿನ್ನೂ ಹಕ್ಕಿ ನಾವು ನೋಡೂದಿಲ್ಲ ಅಂದ್ರಂತ. ಆಮ್ಯಾಲೆ ತಾವ ಕಲಿತ್ರು. ಅವರಿಗೆ ದೇಹ ಬೆಳೆಸೂ ಕಸರತ್ತಿನ ಹುಚ್ಚಿತ್ತು. ಯಾವ ಸ್ನಾಯು ಎಲ್ಲೆ ಹೋಗ್ತೈತಿ ಅಂತ ಅದರಿಂದ ತಿಳಕೊಂಡು, ಹದ್ದಿನ ರೆಕ್ಕಿ ಕಟ್ಟಿದ್ರು. ಹೊಟ್ಟಿಪಾಡಿಗೆ ಸಾಬೂನು ಸುರಿಯೂ ಡಬ್ಬಿ ಮಾಡೂ ಕಾರಖಾನಿ. ಅದರ ಪಕ್ಕದ ನೆಲಮಾಳಿಗಿನ ದವಾಖಾನಿ. 2022ರಾಗ ಅವರ ಮ್ಯಾಲೆ ‘ಆಲ್ ದಟ್ ಬ್ರೀದ್ಸ್’ ಅಂತ ಸಾಕ್ಷ್ಯಚಿತ್ರ ಬಂತು. ಆಸ್ಕರ್ ಸ್ಪರ್ಧಾಕ್ಕ ಹೋತು.

ಕಾಕಾ: ಸಾಬೂನಿನ ಡಬ್ಬಿ ಮಾಡಾವರು ಹದ್ದಿನ ಡಾಕ್ಟ್ರು. ಪಂಕ್ಚರ್ ಹಚ್ಚಾಂವ ಗೂಗಿ ಕಂಪೌಂಡರ್. ಆಗಲೇಳು. ಮಗಳ, ನನಗೊಂದು ಹೇಳು. ಇಲ್ಲೆ ದನದ ದವಾಖಾನಿ ಐತಿ. ಡಾಕ್ಟ್ರು ಎಮ್ಮಿ ಕಾಲು ಮುರಿದ್ರ ಕಟ್ಟತಾರ. ಅಲ್ಲಿಗೆ ಒಯ್ಯಬಾರದೇನು?

ಮಗಳು: ಒಯ್ಯಬಹುದು. ಇಲಾಖೆಯವರೂ ಎಷ್ಟೋ ಸಲ ಮೊದಲು ಪಶುವೈದ್ಯರ ಹತ್ರಾನ ಒಯ್ಯತಾರ. ಆದ್ರ ಅಂಗಡ್ಯಾಗ ಸಿಗೂ ನೋವಿನ ಔಷಧ ನಾವ ಹಾಕೂದು ಬ್ಯಾಡ. ಡೈಕ್ಲೋಫೆನಾಕ್ ಕಥಿ ಗೊತ್ತಲ್ಲ?

ಕಾಕಾ: ನನ್ನ ಮೊಣಕಾಲಿಗೆ ನುಂಗ್ತೀನಲ್ಲ, ಅದಾ?

ಮಗಳು: ಅದ. ದನಕ್ಕ ಹಾಕ್ತಿದ್ರು. ಆ ದನ ಸತ್ತ ಮ್ಯಾಲೆ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಲುಸಾಲು ಸತ್ತವು. 2006ರಾಗ ಪಶುಗಳಿಗೆ ಅದನ್ನ ಕೊಡೂದು ನಿಷೇಧ ಆತು. ಅಷ್ಟೊತ್ತಿಗೆ ದೇಶದ ರಣಹದ್ದು ಬಹುಪಾಲು ಮುಗಿದಿದ್ದವು. ನಿಮ್ಮ ಮೊಣಕಾಲಿನ ಗುಳಿಗಿ ಇನ್ನೊಂದು ಜೀವಕ್ಕ ವಿಷ.

ಕಾಕಾ: ನಾ ಸಣ್ಣಾಂವಿದ್ದಾಗ ಊರ ಹೊರಗ ದನ ಒಗದ್ರ ಸಂಜಿ ಅನ್ನೂದ್ರಾಗ ಎಲುಬು ಉಳೀತಿತ್ತು. ಈಗ ವಾರಗಟ್ಟಲೆ ನಾರತೈತಿ, ನಾಯಿ ಕೂಡತಾವ. ಹ್ಞೂಂ. ನೀ ಹಕ್ಕಿ ಸುದ್ದಿ ಹೇಳಿದಿ, ನಾ ಮಂಗ್ಯಾನ ಸುದ್ದಿ ಹೇಳ್ತೀನಿ. ಟ್ರಾನ್ಸ್‌ಫಾರ್ಮರ್ ಮ್ಯಾಲೆ ಹಾರಿ ಕರೆಂಟ್ ಹೊಡೀತು. ಕೈ ಸುಟ್ಟಿತ್ತು, ಕೆಳಗ ಬಿದ್ದು ನರಳಾಕತ್ತಿತ್ತು. ಹತ್ರ ಹೋದವರಿಗೆ ಹಲ್ಲು ಕಿಸೀತು. ಹುಡುಗರು ಕಲ್ಲು ಒಗದ್ರು, ದೊಡ್ಡವರು ಬೈಯಲಿಲ್ಲ. ಮರುದಿನ ಸತ್ತಿತು. ಸತ್ತ ಮ್ಯಾಲೆ ನೋಡಬೇಕು! ಹನಮಪ್ಪ ಹ್ವಾದ ಅಂತ ಹೂವಿನ ಹಾರ, ಕುಂಕುಮ, ಭಜನಿ ಮಂಡಳಿ, ಟ್ರ್ಯಾಕ್ಟರ್ ಮ್ಯಾಲೆ ಮೆರವಣಿಗಿ. ಕಲ್ಲು ಒಗದ ಹುಡುಗನೂ ತಾಳ ಬಾರಸಾಕತ್ತಿದ್ದ. ನಾನೂ ಹತ್ತು ರೂಪಾಯಿ ಪಟ್ಟಿ ಕೊಟ್ನಿ. ಮುಂಚಿನ ದಿನ ಮಾತ್ರ ಗಿರಾಕಿ ಅದಾರ ಅಂತ ಅಂಗಡಿ ಬಿಟ್ಟು ಏಳಲಿಲ್ಲ.

ಮಗಳು: ಎದ್ದಿದ್ರೂ ಬರಿಗೈಲೆ ಮುಟ್ಟಬಾರದಾಗಿತ್ತು ಕಾಕಾ. ಮಂಗ್ಯಾ ಆಗಲಿ, ನರಿ ಆಗಲಿ, ಬಾವಲಿ ಆಗಲಿ, ಕಡಿದ್ರ ಪರಚಿದ್ರ ಸಾಬೂನು ಹಚ್ಚಿ ಹರಿಯೂ ನೀರಾಗ ಹದಿನೈದು ನಿಮಿಷ ತೊಳೀಬೇಕು, ಅವತ್ತ ದವಾಖಾನಿಗೆ ಹೋಗಿ ರೇಬೀಸ್ ಸೂಜಿ ಮಾಡಿಸಬೇಕು. ಮಂಗ್ಯಾನ ಸುತ್ತ ಮಂದಿ ಸರಿಸಿ, ನಾಯಿ ಓಡಿಸಿ, ಫೋನ್ ಮಾಡಿ ಕಾದಿದ್ರ ಅದ ದೊಡ್ಡ ಉಪಕಾರ.

ಕಾಕಾ: ಮಂದಿ ಸರಿಸೂದು ಉಪಕಾರ ಅಂದಿ. ಅದು ಭಾಳ ಖರೆ. ಬೀಳಗಿ ಕಡೆ ಹೋಗಿದ್ನಿ ಒಮ್ಮೆ. ಯಡಹಳ್ಳಿಯಾಗ ಚಿಂಕಾರದ ಅಭಯಾರಣ್ಯ ಆಗೈತಲ್ಲ.

ಮಗಳು: 2016ರಾಗ ಆಗಿದ್ದು. ಬೀಳಗಿ, ಮುಧೋಳ ತಾಲೂಕಿನ್ಯಾಗ 96 ಚದರ ಕಿಲೋಮೀಟರ್. ಚಿಂಕಾರದ ಸಲುವಾಗಿ.

ಕಾಕಾ: ಅದ. ಅಲ್ಲಿಂದ ಹೊರಗ ಬಂದ ಒಂದು ಚಿಗರಿ ಮರಿ ನಾಯಿ ಬೆನ್ನು ಹತ್ತಿದ್ದಕ್ಕ ಹೊಲದ ಬೇಲಿಗೆ ಸಿಕ್ಕಿತ್ತು. ನಾಯಿ ಓಡಿಸಿದ್ರು, ಚಲೋ ಆತು. ಆಮ್ಯಾಲೆ ನಲವತ್ತು ಮಂದಿ. ಒಬ್ಬಾಂವ ಕಾಲು ಹಿಡಿದ, ಒಬ್ಬಾಂವ ಮಾರಿ ಸವರಿದ, ಎಲ್ಲಾರೂ ಮೊಬೈಲ್. ಪಾಪ ಪಾಪ ಅನ್ನೂದ ಅನ್ನೂದು. ಮೈಮ್ಯಾಲೆ ಒಂದು ಹನಿ ರಕ್ತ ಇಲ್ಲ. ಕಣ್ಣು ಅಗಲ ಮಾಡಿ ನೋಡಾಕತ್ತಿತ್ತು. ಅರ್ಧ ತಾಸಿನ್ಯಾಗ ಕುತ್ತಿಗಿ ಹಾಕ್ತು. ಯಾಕ ಸತ್ತಿತು ಅಂತ ನನಗ ಇವತ್ತಿನ ತನಕ ಬಗೆಹರಿದಿಲ್ಲ.

ಮಗಳು: ಹೆದರಿಕಿಯಿಂದ. ಚಿಗರಿ, ಜಿಂಕಿ ಜಾತಿಗೆ ಅದು ದೊಡ್ಡ ಕುತ್ತು. ಜೀವ ಹಿಡಕೊಂಡು ಓಡಿರ್ತೈತಿ, ಆಮ್ಯಾಲೆ ಹಿಡದು ಅಮುಕಿದ್ರ ಸ್ನಾಯು ಒಡದು ಅದರ ನಂಜು ರಕ್ತಕ್ಕ ಇಳೀತೈತಿ. ಮೂತ್ರಪಿಂಡ, ಎದಿ ಎರಡೂ ಸೋಲತಾವ. ಒಮ್ಮೊಮ್ಮೆ ಬಿಟ್ಟ ಎರಡು ಮೂರು ದಿನದ ಮ್ಯಾಲೆ ಸಾಯ್ತೈತಿ. ನಾವು ಸವರೂ ಕೈ ಅದಕ್ಕ ಹುಲಿ ಪಂಜಾ ಇದ್ದಂಗ. ಕಣ್ಣಿಗೆ ಬಟ್ಟಿ ಮುಚ್ಚಿ, ಮಾತು ನಿಲ್ಲಿಸಿ, ಒಬ್ಬರ ನಿಲ್ಲಬೇಕು.

ಕಾಕಾ: ನಮ್ಮ ಮಂದಿಗೆ ಸುಮ್ಮನ ಕುಂದ್ರೂದ ಬರೂದಿಲ್ಲ ನೋಡು. ಒಂದು ಕಲ್ಲರ ಒಗೀಬೇಕು, ಇಲ್ಲಾ ಸವರಬೇಕು.

ಮಗಳು: ನಮ್ಮ ಓಣ್ಯಾಗ ವಾರಕ್ಕೊಮ್ಮೆ ಹುಡುಗರು ಹಕ್ಕಿ ಮರಿ ತರ್ತಾರ. ಅರ್ಧಕ್ಕರ್ಧ ಮರಿಗೆ ಏನೂ ಆಗಿರೂದಿಲ್ಲ. ಮೈತುಂಬ ಪುಕ್ಕ ಇರ್ತಾವ, ಬಾಲ ಗಿಡ್ಡ, ಕುಪ್ಪಳಿಸ್ತಿರ್ತೈತಿ. ಅದು ಹಾರೂದು ಕಲಿಯಾಕ ಗೂಡು ಬಿಟ್ಟು ಇಳಿದ ಮರಿ. ತಾಯಿ ತಂತಿ ಮ್ಯಾಲೆ ಕುಂತು ನೋಡ್ತಿರ್ತೈತಿ. ಎತ್ತಿ ಒಂದು ಗಿಡದ ಟೊಂಗಿ ಮ್ಯಾಲೆ ಇಟ್ಟು, ಬೆಕ್ಕು ಓಡಿಸಿ, ದೂರ ಸರದ್ರ ಸಾಕು. ಪುಕ್ಕ ಬರದ ಬೆತ್ತಲೆ ಮರಿ ಬಿದ್ದಿದ್ರ ಗೂಡಿಗೆ ಇಡಬೇಕು.

ಕಾಕಾ: ಮನಷಾ ಮುಟ್ಟಿದ್ರ ತಾಯಿ ಒಲ್ಲೆ ಅಂತೈತಿ ಅಂತಾರಲ್ಲ?

ಮಗಳು: ಸುಳ್ಳು. ತಾಯಿಗೆ ಮರಿ ಬಾಯಿ ತೆಗೆದು ಕೂಗಿದ್ರ ಸಾಕು, ಯಾರು ಮುಟ್ಯಾರ ಅಂತ ವಿಚಾರಣೆ ಮಾಡೂದಿಲ್ಲ.

ಕಾಕಾ: ನಾ ಒಂದು ಒಪ್ಪಿಕೊಳ್ಳಬೇಕು ನಿನ್ನ ಮುಂದ. ಮೀಸಿ ಮೂಡಿರಲಿಲ್ಲ ಆಗ. ಹುಲ್ಲು ಕೊಯ್ಯೂವಾಗ ನವಲ ತತ್ತಿ ಸಿಕ್ಕವು. ನಿಮ್ಮ ಅಮ್ಮನ ಕಣ್ಣು ತಪ್ಪಿಸಿ ಕಾವು ಕುಂತ ಕೋಳಿ ಕೆಳಗ ಇಟ್ನಿ. ಒಂದು ಮರಿ ಉಳೀತು. ಎರಡು ವರ್ಷ ನನ್ನ ಹಿಂದ ಹಿಂದ. ನಾ ಹೊಲಕ್ಕ ಹೋದ್ರ ಅದೂ ಹೊಲಕ್ಕ, ನಾ ಉಣ್ಣಾಕ ಕುಂತ್ರ ಗಂಗಾಳದಾಗ ಅದರ ಕೊಕ್ಕು. ನಮ್ಮ ನಾಯಿ ಜೋಡಿ ಆಡ್ತಿತ್ತು. ಒಂದಿನ ಬ್ಯಾರೆ ಊರಿನ ಕುರುಬರ ನಾಯಿ ಬಂದವು. ಕಾಡಿನ ನವಲ ಆಗಿದ್ರ ಮಾರು ದೂರಕ್ಕ ಹಾರಿ ಗಿಡ ಹತ್ತತಿತ್ತು. ಇದು ಗೆಳ್ಯಾರು ಬಂದ್ರು ಅಂತ ಎದುರು ಹೋತು.

ಮಗಳು: ...

ಕಾಕಾ: ಪುಕ್ಕ ಆರಿಸಿ ತಂದು ಅಟ್ಟದ ಮ್ಯಾಲೆ ಇಟ್ಟಿದ್ನಿ, ಭಾಳ ದಿನ. ಹೆದರಿಕಿ ಅನ್ನೂದು ಅದಕ್ಕ ಅದರವ್ವ ಕಲಿಸಬೇಕಾಗಿದ್ದ ವಿದ್ಯಾ. ನಾ ಪ್ರೀತಿ ಮಾಡಿ ಅದನ್ನ ಮರೆಸಿದ್ನಿ.

ಮಗಳು: 2022ರಾಗ ಉತ್ತರ ಪ್ರದೇಶದ ಅಮೇಠಿ ಜಿಲ್ಲಾದಾಗ ಒಬ್ಬ ರೈತಗ ಕಾಲಿಗೆ ಪೆಟ್ಟಾದ ಸಾರಸ ಕೊಕ್ಕರೆ ಸಿಕ್ತು. ಮದ್ದು ಮಾಡಿದ, ಆರಾಮಾತು. ಆದ್ರ ಅದು ಅವನನ್ನ ಬಿಟ್ಟು ಹೋಗಲಿಲ್ಲ. ಅವನ ಬೈಕಿನ ಹಿಂದ ಹಾರಿಕೊಂಡು ಬರ್ತಿತ್ತು. ಇಡೀ ದೇಶ ವಿಡಿಯೋ ನೋಡ್ತು. 2023ರ ಮಾರ್ಚಿನ್ಯಾಗ ಅರಣ್ಯ ಇಲಾಖೆ ಅದನ್ನ ಒಯ್ದು ಸಮಸಪುರ ಪಕ್ಷಿಧಾಮಕ್ಕ ಬಿಟ್ಟಿತು, ಅಲ್ಲಿಂದ ಕಾನಪುರದ ಮೃಗಾಲಯಕ್ಕ. ಅವನ ಮ್ಯಾಲೆ ಕೇಸೂ ಆತು.

ಕಾಕಾ: ಅದು ಅನ್ಯಾಯ. ಉಳಿಸಿದವನ ಮ್ಯಾಲೆ ಕೇಸು, ಹಾರೂ ಹಕ್ಕಿಗೆ ಪಂಜರ. ಇದಕ್ಕ ಮಂದಿ ಇಲಾಖೆಗೆ ಹೆದರೂದು.

ಮಗಳು: ನನಗೂ ಆ ಪಂಜರ ನೋಡಿ ಸಂಕಟಾತು. ಆದ್ರ ಕಾಲು ಆರಾಮಾದ ಮ್ಯಾಲೆ ಅದು ಅಲ್ಲೇ ಉಳಿದದ್ದ ಮೊದಲನೇ ಪಂಜರ ಕಾಕಾ. ನಿಮ್ಮ ನವಲದ್ದೂ ಅದ. ಮೊದಲ ಎರಡು ದಿನದಾಗ ಗೊತ್ತಿದ್ದವರ ಕೈಗೆ ಕೊಟ್ಟಿದ್ರ ಅದು ಸಾರಸ ಆಗೇ ಉಳಿಯೂ ಸಾಧ್ಯತೆ ಇತ್ತು. ವರ್ಷ ಕಳದ ಮ್ಯಾಲೆ ಯಾರು ಏನ್ ಮಾಡಿದ್ರೂ ತಪ್ಪ ಆಗ್ತೈತಿ.

ಕಾಕಾ: ಹಂಗಾದ್ರ ಇದನ್ನೂ ನಾ ಮತ್ತ ನೋಡೂದಿಲ್ಲ ಅಂದಂಗಾತು. ಈ ಗೂಗಿನ.

ಮಗಳು: ಇಲಾಖೆಯವರು ಎಲ್ಲಿಗೆ ಒಯ್ಯತಾರ ಅಂತ ಅವರ ನಿರ್ಧಾರ. ಗಾಯ ದೊಡ್ಡದಿದ್ರ ಗದಗಿನ ಬಿಂಕದಕಟ್ಟಿನೋ ಬೆಳಗಾವಿಯ ಭೂತರಾಮನಹಟ್ಟಿನೋ, ಮೃಗಾಲಯದ ವೈದ್ಯರಿರೂ ಕಡೆ ಹೋಗಬಹುದು. ಎಲುಬು ಮುರಿದಿದ್ರ ವಾರಗಟ್ಟಲೆ ಆಗ್ತೈತಿ. ಬೆಂಗಳೂರಾಗ ಒಯ್ದ ಎಲ್ಲಾ ಉಳೀತಾವ ಅಂತ ತಿಳೀಬ್ಯಾಡ್ರಿ. ಸಾಯೂವೂ ಭಾಳ. ಹಾರಾಕ ಬರದಂಗಾಗಿ ಪಂಜರದಾಗ ಉಳಿಯೂವೂ ಅದಾವ.

ಕಾಕಾ: ಮತ್ತ ಇಷ್ಟೆಲ್ಲಾ ಯಾಕ?

ಮಗಳು: ನಾನೂ ಭಾಳ ಸಲ ಕೇಳ್ಕೊಂಡೀನಿ. ಆ ಹದ್ದು ಕೈಯಾಗ ಹೋದಾಗ ಬಿಟ್ಟಬಿಡಬೇಕು ಅನಿಸಿತ್ತು.

ಕಾಕಾ: ತಡಿ, ನಾ ಹೇಳ್ತೀನಿ. ಪಟ್ಟದಕಲ್ಲಿಗೆ ಹೋಗೀಯಲ್ಲ, ವಿರೂಪಾಕ್ಷನ ಗುಡಿ?

ಮಗಳು: ಲೋಕಮಹಾದೇವಿ ಕಟ್ಟಿಸಿದ್ದು. ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ, ಎಂಟನೇ ಶತಮಾನದಾಗ. ಸಾಲ್ಯಾಗ ಬಾಯಿಪಾಠ ಮಾಡಿಸಿದ್ರು.

ಕಾಕಾ: ಗೆದ್ದ ನೆನಪಿಗೆ ಕಟ್ಟಿದ ಗುಡಿ ಹೌದು. ಒಳಗ ಕಂಬದ ಮ್ಯಾಲೆ ಏನೈತಿ? ರಾವಣ ಸೀತವ್ವನ್ನ ಒಯ್ಯೂವಾಗ ಜಟಾಯು ಅಡ್ಡ ಬಂದದ್ದು. ಗೆದ್ದವರ ಗುಡ್ಯಾಗ ಸೋತ ಹಕ್ಕಿ. ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ಅದನ್ನ ತೋರಿಸಿದ್ದ. ‘ರಾಮ ದೇವರಲ್ಲಪ್ಪ, ಯಾಕ ಬದುಕಿಸಲಿಲ್ಲ?’ ಅಂತ ಕೇಳಿದ್ನಿ. ಅಪ್ಪಗ ಉತ್ತರ ಬರಲಿಲ್ಲ. ‘ತೊಡಿ ಮ್ಯಾಲೆ ಮಲಗಿಸಿಕೊಂಡ, ಮಗ ಮಾಡಿದಂಗ ಚಿತಿಗೆ ಬೆಂಕಿ ಕೊಟ್ಟ’ ಅಂತಷ್ಟ ಅಂದ. ಅವತ್ತು ನನಗದು ಕಡಿಮಿ ಅನಿಸಿತ್ತು. ರಾತ್ರಿ ಈ ಡಬ್ಬಿ ತಲಿದೆಸಿಗೆ ಇಟ್ಕೊಂಡು ಮಲಗಿದಾಗ, ಒಳಗ ಅದು ಉಸಿರು ಬಿಡೂದು ಕೇಳಾಕತ್ತಿತ್ತು. ಸಣ್ಣಗ. ಆಗ ಕಡಿಮಿ ಅನಿಸಲಿಲ್ಲ. ಅದು ರೋಡಿನ ಮ್ಯಾಲೆ ಇರಲಿಲ್ಲ. ಅಷ್ಟು ನನ್ನ ಪಾಲಿನ ಕೆಲಸ ಆಗಿತ್ತು.

ಮಗಳು: ಮತ್ತ ಉಳದದ್ದು ಮುಂದಿನವರದು.

ಕಾಕಾ: ಈ ಕ್ರಾಸಿನ್ಯಾಗ ನಾ ಮಾಡೂದೂ ಅದ ಅಲ್ಲೇನು? ಟೈರ್ ಕಟ್ಟಿ ಕಳಿಸ್ತೀನಿ. ಆ ಗಾಡಿ ಸೊಲ್ಲಾಪುರ ಮುಟ್ಟಿತೋ ಇಲ್ಲೋ, ಯಾರೂ ಹೊಳ್ಳಿ ಬಂದು ಹೇಳೂದಿಲ್ಲ.

ಹೊರಗೆ ಬಕೆಟ್ಟಿನಲ್ಲಿ ಪಂಕ್ಚರ್ ನೋಡುವ ನೀರು. ಅದರ ಅಂಚಿಗೆ ಎರಡು ಗುಬ್ಬಿ ಬಂದು ಕುಳಿತವು. ಬಕೆಟ್ಟಿನ ನಡುವೆ ಒಂದು ಚಪ್ಪಟೆ ಕಲ್ಲು ನೀರಿನ ಮೇಲೆ ತಲೆ ಎತ್ತಿತ್ತು.

ಮಗಳು: ಆ ಕಲ್ಲು?

ಕಾಕಾ: ಹೋದ ಬ್ಯಾಸಿಗಿಯಾಗ ಒಂದು ಗುಬ್ಬಿ ನೀರಾಗ ಬಿದ್ದು ಸತ್ತಿತು. ಅವತ್ತಿಂದ ಕಲ್ಲು ಇಟ್ಟೀನಿ. ಬಿದ್ರೂ ಹತ್ತಿ ಕುಂದ್ರಾಕ ಜಾಗ ಇರಲಿ ಅಂತ. ಈ ನೀರಿಗೆ ಎಣ್ಣಿ ಜಿಡ್ಡು ಇರ್ತೈತಿ, ಕುಡಿಯಾಕ ಚಲೋ ಅಲ್ಲ. ಹಿತ್ತಲದಾಗ ಹಳೇ ಟೈರ್ ಅಡ್ಡ ಕೊಯ್ದು ಬ್ಯಾರೆ ನೀರು ಹಾಕೀನಿ. ಇವಕ್ಕ ಮಾತ್ರ ಇದ ರುಚಿ.

ಜೀಪು ಬಂದಾಗ ಒಂಬತ್ತು ದಾಟಿತ್ತು. ಗಾರ್ಡ್ ಸಾಹೇಬರು ಮೂಲೆಯಲ್ಲಿ ನಿಂತು ಮುಚ್ಚಳ ಒಂದಿಷ್ಟೇ ಎತ್ತಿ ನೋಡಿದರು. ಬುಸುಗುಟ್ಟಿತು. ಮುಚ್ಚಿದರು. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ಯಾವ ಗಾಯ ಎಂದು ಬರೆದುಕೊಂಡು ಕಾಕಾನ ಸಹಿ ಹಾಕಿಸಿದರು. ಕೇಸಿನ ಮಾತು ಬರಲಿಲ್ಲ. ಡಬ್ಬಿಯನ್ನು ಹಿಂದಿನ ಸೀಟಿನ ಮೇಲೆ ಇಟ್ಟಾಗ, ಕಾಕಾ ಒಳಗೆ ಹೋಗಿ ಹಳೆಯ ಟ್ಯೂಬಿನ ಪಟ್ಟಿ ತಂದು, ಡಬ್ಬಿ ಅಲುಗದಂತೆ ಸೀಟಿಗೆ ಕಟ್ಟಿದ. ತೂತಿನ ಮೇಲೆ ಪಟ್ಟಿ ಬರದಂತೆ ಎರಡು ಸಲ ಬಿಚ್ಚಿ ಕಟ್ಟಿದ. ‘ಉಳೀತೈತೇನ್ರಿ ಸಾಹೇಬ್ರ?’ ಎಂದು ಕೇಳಿದ. ‘ನೋಡೂಣ ಕಾಕಾ’ ಎಂದರು. ಜೀಪು ಬಾದಾಮಿ ದಾರಿಗೆ ತಿರುಗಿತು.

ಮಗಳು: ಈಗ ಇನ್ನೊಂದು ಚಾ ಹೇಳ್ರಿ. ತಣ್ಣಗಾಗದ್ದು.

ಕಾಕಾ: ಹೇಳೇನಿ. ಆ ಮೂಲ್ಯಾಗಿಂದ ಖಾಲಿ ಡಬ್ಬಿ ಒಂದು ತಗೊಂಡು ಬಾ. ದಬ್ಬಣ ಎಲ್ಲೈತಿ... ಹ್ಞಾಂ.

ಮಗಳು: ಇದಕ್ಯಾಕ ತೂತು? ಒಳಗ ಯಾರೂ ಇಲ್ಲಲ್ಲ.

ಕಾಕಾ: ರಾತ್ರಿ ಕತ್ತಲ್ಯಾಗ ಹುಡುಕ್ಯಾಡಿ ಸಾಕಾತು. ಒಂದು ತಯಾರ ಇರಲಿ. ಬದಿಗೆ ಹೊಡೀಬೇಕೋ, ಮ್ಯಾಲೋ?

ಮಗಳು: ಬದಿಗೆ. ಸಣ್ಣವು. ಆ ನಂಬರೂ ಮುಚ್ಚಳದ ಮ್ಯಾಲೆ ಬರೀತೀನಿ.

ಲಾರಿಯೊಂದು ಅಂಗಡಿ ಮುಂದೆ ಉಸಿರು ಬಿಟ್ಟು ನಿಂತಿತು. ‘ಕಾಕಾ, ಹಿಂದಿನ ಗಾಲಿ ನೋಡ್ರಿ’ ಎಂದು ಕ್ಲೀನರ್ ಹುಡುಗ ಕೂಗಿದ.

ಕಾಕಾ: ಬಂದ್ನಿ ತಮ್ಮಾ. ನಾಕು ತೂತು ಉಳದಾವ, ತಡಿ.